ಸಭೆಯಲ್ಲಿ ಆಡಿದ ಮಾತು

ಅಸುತಿಯಾ ಪೇಟೆಗೆ ಬಂದು ಅಗ್ಯೇಕುಮ್ ಯಾರು ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಗುಡುಗು ಎಲ್ಲಿ ಸಿಗುತ್ತಾನೆ ಎಂದು ಕೇಳಬೇಕು. ಆಗ ಗಂಜಿ ಮಾರುವವಳಿಂದ ಹಿಡಿದು ಮಸೀದಿ ಮುಂದಿನ ಮುದುಕರ ತನಕ ಎಲ್ಲರೂ ನಗುತ್ತ ಬಸ್ ನಿಲ್ದಾಣದ ಕಡೆ ಕೈ ತೋರಿಸುತ್ತಿದ್ದರು. ಅಲ್ಲಿ, ಹಳೇ ಲಾರಿ ಟೈರುಗಳ ರಾಶಿಯ ಮಧ್ಯೆ, ಮೊಣಕೈ ತನಕ ಮಸಿ ಮಾಡಿಕೊಂಡು ಪಂಚರ್ ಹಾಕುತ್ತ ಕೂತಿರುವ ದಪ್ಪ ಮನುಷ್ಯನೇ ಗುಡುಗು. ಪಂಚರ್ ಹಾಕುವುದು ಹೊಟ್ಟೆಪಾಡು. ಅವನ ನಿಜವಾದ ಕಸುಬು ದಿನಾ ಬೆಳಿಗ್ಗೆ ರೇಡಿಯೋಗೆ ಫೋನ್ ಮಾಡಿ ಸರ್ಕಾರದ ಮಾನ ಕಳೆಯುವುದು.

ನಮ್ಮಲ್ಲಿ ಪ್ರತಿ ಪಕ್ಷಕ್ಕೂ ಇಂಥವರು ಬೇಕೇ ಬೇಕು. ಫೋನಿಗೆ ದುಡ್ಡು ಪಕ್ಷವೇ ಹಾಕಿಸುತ್ತದೆ, ಯಾವತ್ತು ಏನು ಬೈಯಬೇಕು ಅನ್ನುವುದನ್ನೂ ಪಕ್ಷವೇ ತಿಳಿಸುತ್ತದೆ. ಆದರೆ ಹೇಗೆ ಬೈಯಬೇಕು ಅನ್ನುವುದನ್ನು ಗುಡುಗಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಅಪ್ಪ ಅರಸನ ಆಸ್ಥಾನದಲ್ಲಿ ಕೋಲು ಹಿಡಿದು ನಿಲ್ಲುವ ಮಾತುಗಾರ. ಅರಸ ಮೆಲ್ಲಗೆ ಎರಡು ಮಾತು ಹೇಳಿದರೆ, ಅದಕ್ಕೆ ಒಪ್ಪ ಓರಣ ಕೊಟ್ಟು ಸಭೆಗೆಲ್ಲ ಕೇಳುವ ಹಾಗೆ ಹೇಳುವುದು ಅವನ ಕೆಲಸವಾಗಿತ್ತು. ಆ ಗಂಟಲು ಮಗನಿಗೆ ಬಂದಿತ್ತು. ಮಾತಿಗೆ ಒಡವೆ ತೊಡಿಸಬಹುದು, ಮಾತನ್ನೇ ಬದಲಿಸಬಾರದು ಅನ್ನುವ ಅಪ್ಪನ ಕಟ್ಟುನಿಟ್ಟು ಮಾತ್ರ ಬಂದಿರಲಿಲ್ಲ.

ಟೊಮೆಟೊ ಬೆಲೆ ಸ್ವಲ್ಪ ಏರಿದರೆ ಸಾಕು, “ಇನ್ಮೇಲೆ ಮಕ್ಕಳಿಗೆ ಟೊಮೆಟೊನ ಫೋಟೋದಲ್ಲಿ ತೋರಿಸ್ಬೇಕು!” ಅನ್ನುತ್ತಿದ್ದ. ಡಾಲರ್ ಮುಂದೆ ನಮ್ಮ ದೇಶದ ದುಡ್ಡು ಸೆಡಿ ಜಾರಿದರೆ, “ಸೆಡಿ ನೋಟಲ್ಲಿ ಮೂಗು ಒರೆಸ್ಕೊಳ್ಳೋಕೂ ಆಗಲ್ಲ!” ಅನ್ನುತ್ತಿದ್ದ. ಆ ಕಡೆಯಿಂದ ಆಳುವ ಪಕ್ಷದ ಟ್ವೆನೆಬೋವಾ ಎದ್ದು ಬರುತ್ತಿದ್ದ. ಸಿಮ್ ಕಾರ್ಡ್ ಮಾರುವ ಒಣಕಲ ಆಸಾಮಿ. ಅವನ ಪ್ರಕಾರ ದೇಶದಲ್ಲಿ ಹಾಲು ಜೇನು ಹರಿಯುತ್ತಿತ್ತು, ವಿರೋಧ ಪಕ್ಷದವರಿಗೆ ಮಾತ್ರ ಲೋಟ ಸಿಕ್ಕಿರಲಿಲ್ಲ. ಇಬ್ಬರೂ ಬೆಳಿಗ್ಗೆ ಹಾವು ಮುಂಗುಸಿ, ಮಧ್ಯಾಹ್ನ ಒಂದೇ ಬೋಗುಣಿಯಲ್ಲಿ ಕೈ ಹಾಕಿ ಫುಫು ಮುದ್ದೆ ಉಣ್ಣುವವರು. ಪೇಟೆಯ ಜನಕ್ಕೆ ಇವರ ಹದ ಗೊತ್ತಿತ್ತು. ಗುಡುಗು ನೂರು ಅಂದರೆ ಹತ್ತು ಅಂತ ತಿಳಿದು, ನಕ್ಕು, ಕೆಲಸಕ್ಕೆ ಹೋಗುತ್ತಿದ್ದರು.

ಬುಧವಾರ ಪಕ್ಷದ ಕಾರ್ಯದರ್ಶಿ ಬದು ಒಂದು ಸುದ್ದಿ ತಂದ. ಜಿಲ್ಲಾ ಆಸ್ಪತ್ರೆಯಲ್ಲಿ ಗ್ಲೌಸ್ ಮುಗಿದಿವೆ, ಸರ್ಕಾರ ಬಾಕಿ ತೀರಿಸಿಲ್ಲ ಅಂತ ಸರಬರಾಜಿನವರು ಕೈ ಎತ್ತಿದ್ದಾರೆ. ಸುದ್ದಿ ನಿಜವೇ. ಅಷ್ಟನ್ನೇ ಹೇಳಿದ್ದರೂ ಯಾವ ಸರ್ಕಾರವಾದರೂ ತಲೆ ತಗ್ಗಿಸಬೇಕಾದ ಸುದ್ದಿ. ಆದರೆ ಗುಡುಗಿಗೆ ಅಷ್ಟು ಸಾಲುತ್ತದೆಯೇ? ಲೈನ್ ಸಿಕ್ಕಿದ ತಕ್ಷಣ ಎದ್ದು ನಿಂತೇ ಶುರು ಮಾಡಿದ.

“ಬರೀಮಾ, ಕೇಳಪ್ಪ! ನಮ್ಮ ಆಸ್ಪತ್ರೇಲಿ ಗ್ಲೌಸ್ ಇಲ್ಲ! ಹತ್ತಿ ಇಲ್ಲ! ಒಂದು ತೊಟ್ಟು ರಕ್ತ ಇಲ್ಲ! ಡಾಕ್ಟ್ರು ಗಂಟುಮೂಟೆ ಕಟ್ಕೊಂಡು ಹೋಗಾಯ್ತು! ಬಸುರಿ ಹೆಂಗಸ್ರು ನಡ್ಕೊಂಡು ಒಳಗೆ ಹೋಗ್ತಾರೆ, ಪೆಟ್ಟಿಗೇಲಿ ಹೊರಗೆ ಬರ್ತಾರೆ! ಇದೇನಾ ನಿಮ್ಮ ಆರ್ಥಿಕ ಪ್ರಗತಿ? ಅದು ಆಸ್ಪತ್ರೆ ಅಲ್ಲ, ಸ್ಮಶಾನದ ಬಾಗ್ಲು!”

ಬರೀಮಾ ಎಂದರೆ ಕಾರ್ಯಕ್ರಮ ನಡೆಸುವವನು. ಅವನು ಮೇಜು ಕುಟ್ಟಿ ನಕ್ಕ. ಬದು ಫೋನ್ ಮಾಡಿ ಶಹಬ್ಬಾಸ್ ಅಂದ. ನಿಲ್ದಾಣದ ಡ್ರೈವರುಗಳು ಇಡೀ ದಿನ “ಪೆಟ್ಟಿಗೇಲಿ ಹೊರಗೆ!” ಎಂದು ಒಬ್ಬರಿಗೊಬ್ಬರು ಕೂಗಿಕೊಂಡರು. ಆ ಹೊತ್ತು ಗುಡುಗಿನ ಎದೆ ಉಬ್ಬಿದ್ದನ್ನು ಏನು ಹೇಳಲಿ!

ಶುಕ್ರವಾರ ಬೆಳಿಗ್ಗೆ ಅವನು ಸಜ್ಜೆ ಗಂಜಿ ಕುಡಿದು, ಅಲಸಂದೆ ಬೋಂಡ ಕಡಿಯುತ್ತ, ಸೀಮೆಎಣ್ಣೆ ಬೆಲೆಯ ಮೇಲೆ ಎರಗಲು ತಯಾರಾಗುತ್ತಿದ್ದ. ಆಗ ಫೋನ್ ಬಂತು. ಬೊಮಿರಿ ಊರಿಂದ ಟಾಕ್ಯಿ. ಗುಡುಗಿನ ಸೋದರಸೊಸೆ ಅಫ್ರಾಕೋಮಾಳ ಗಂಡ.

ಅಫ್ರಾಕೋಮಾ ಅಂದರೆ ಸತ್ತುಹೋದ ಅಕ್ಕನ ಒಬ್ಬಳೇ ಮಗಳು. ನಮ್ಮಲ್ಲಿ ರಕ್ತ ಬರುವುದು ತಾಯಿಯಿಂದ, ಕುಲ ತಾಯಿಯದು, ಹುಡುಗಿಗೆ ದೊಡ್ಡವನು ಎಂದರೆ ಸೋದರಮಾವ. ಅಕ್ಕ ಹೋದ ಮೇಲೆ ಟೈರುಗಳ ನಡುವೆಯೇ ಅವಳನ್ನು ಸಾಕಿ, ಓದಿಸಿ, ಕೋಕೋ ತೋಟದವರ ಮನೆಗೆ ಕೊಟ್ಟಿದ್ದ. ಇದು ಚೊಚ್ಚಲ ಹೆರಿಗೆ.

“ಮಾವ, ಅಫ್ರಾಕೋಮಾಗೆ ನಿನ್ನೆ ಮಧ್ಯಾಹ್ನದಿಂದ ನೋವು. ಸೂಲಗಿತ್ತಿ ಬಂದಿದಾಳೆ. ಬೆಳಕು ಹರಿದಾಗಿಂದ ರಕ್ತ ಹೋಗ್ತಾ ಇದೆ. ನಿಲ್ತಾನೇ ಇಲ್ಲ.”

“ರಕ್ತಾನಾ? ಮತ್ತೆ ಅಲ್ಲೇನು ಕೂತಿದೀಯ ಮಾರಾಯ! ಆಸ್ಪತ್ರೆಗೆ ಕರ್ಕೊಂಡು ಬಾರೋ!”

“ನೀವೇ ಬೇಡ ಅಂದಿದ್ರಲ್ಲ, ಮಾವ,” ಅಂದ.

“ನಾನ್ಯಾವಾಗ ಅಂದೆ?”

“ಬುಧವಾರ. ರೇಡಿಯೋದಲ್ಲಿ.”

ಗುಡುಗಿನ ಬಾಯಲ್ಲಿದ್ದ ಬೋಂಡ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

“ಅಯ್ಯೋ, ಅದು ರಾಜಕೀಯ ಕಣೋ! ನಿಮ್ಮಮ್ಮನಿಗೆ ಕೊಡು ಫೋನು!”

ಟಾಕ್ಯಿಯ ತಾಯಿ ಪೋಮಾ ಘನವಂತೆ. ಬೀಗರು ರೇಡಿಯೋದಲ್ಲಿ ಮಾತಾಡುತ್ತಾರೆ ಎನ್ನುವುದು ಅವಳಿಗೆ ದೊಡ್ಡ ಹೆಮ್ಮೆ. ಅಡಿಗೆ ಚಪ್ಪರದ ಕಂಬಕ್ಕೆ ರೇಡಿಯೋ ನೇತುಹಾಕಿ, ಅವನ ದನಿ ಬಂದ ಕೂಡಲೇ ನೆರೆಹೊರೆಯವರನ್ನೆಲ್ಲ ಕೂಗುತ್ತಿದ್ದಳು. ಪೇಟೆಯವರು ಅವನ ಮಾತಿನಲ್ಲಿ ಒಂಬತ್ತು ಪಾಲು ಕಳೆದು ಕೇಳುತ್ತಿದ್ದರು. ಬೊಮಿರಿಯಲ್ಲಿ ಆ ಮನೆಯೊಂದು ಮಾತ್ರ ಅವನು ಹೇಳಿದ್ದನ್ನು ಹೇಳಿದ ಹಾಗೇ ನಂಬುತ್ತಿತ್ತು. ಈಗಲೂ ಅವಳು ಮೊದಲು, “ಬೀಗರೇ, ನಮಸ್ಕಾರ. ಮನೇಲೆಲ್ಲ ಕ್ಷೇಮಾನಾ?” ಎಂದು ಕೇಳಿಯೇ ಮುಂದಿನ ಮಾತೆತ್ತಿದಳು. “ನಾನೇನು ಕಲ್ಲು ಮನಸ್ಸಿನೋಳಲ್ಲ. ನಿನ್ನೇನೇ ಗಾಡಿ ಹೇಳಿದ್ದೆ. ಹುಡುಗೀನೇ ಒಲ್ಲೆ ಅಂದ್ಲು. ನಮ್ಮ ಮಾವ ಸುಳ್ಳು ಹೇಳಲ್ಲ, ಅಲ್ಲಿಗೆ ಹೋದ್ರೆ ಸಾಯ್ತೀನಿ, ಸಾಯೋದಾದ್ರೆ ಇಲ್ಲೇ ಸಾಯ್ತೀನಿ ಅಂತ ಕಂಬ ಹಿಡ್ಕೊಂಡು ಕೂತ್ಲು.”

“ಪೋಮಾ ಅಮ್ಮ, ನಾನು ಸ್ವಲ್ಪ ಜಾಸ್ತಿ ಮಾಡಿ ಹೇಳಿದ್ದೆ. ರಕ್ತ ಇದೆ. ಕಳಿಸಿ ತಾಯಿ!”

“ನೀವು ನೋಡಿದೀರಾ?”

ನೋಡಿರಲಿಲ್ಲ. ಆ ಆಸ್ಪತ್ರೆಯ ಬಗ್ಗೆ ವರ್ಷಗಟ್ಟಲೆ ಗಂಟಲು ಹರಿದುಕೊಂಡ ಮನುಷ್ಯ ಅದರ ಗೇಟು ದಾಟಿ ಯಾವ ಕಾಲವಾಗಿತ್ತೋ. ಇದೆ ಅನ್ನುವುದೂ ಬಾಯಿಗೆ ಬಂದ ಮಾತೇ, ಇಲ್ಲ ಅಂದಿದ್ದೂ ಬಾಯಿಗೆ ಬಂದ ಮಾತೇ. ಅವನು ತಡವರಿಸಿದ್ದು ಆ ಕಡೆಗೆ ಕೇಳಿಸಿತು.

“ನೋಡಿ, ಬುಧವಾರ ಇಲ್ಲ ಅಂದ್ರಿ. ಇವತ್ತು ಇದೆ ಅಂತೀರಿ. ಯಾವ್ದನ್ನ ಹಿಡೀಲಿ ನಾನು?” ಪೋಮಾ ಕೇಳಿದಳು. “ನಿಮ್ಮಪ್ಪ ಕೋಲು ಹಿಡಿದೋರು. ಸಭೇಲಿ ಆಡಿದ ಮಾತನ್ನ ಸಭೇಲೇ ಹಿಂದಕ್ಕೆ ತಗೋಬೇಕು, ಮೂಲೇಲಿ ಕಿವಿಯೊಳಗಲ್ಲ. ಅದು ನಮ್ಮ ಕಟ್ಟಳೆ, ನಿಮಗೆ ನಾನು ಹೇಳ್ಬೇಕಾ? ಹೋಗಿ ಕಣ್ಣಾರೆ ನೋಡಿ. ನೋಡಿದ್ದನ್ನ ರೇಡಿಯೋದಲ್ಲೇ ಹೇಳಿ. ಹುಡುಗಿ ಕೇಳಿಸ್ಕೊಳ್ಳಲಿ. ಈ ಫೋನಿನ ಚಾರ್ಜೂ ಮುಗೀತಾ…”

ಮುಗಿದೇ ಹೋಯಿತು. ಮತ್ತೆ ಮಾಡಿದ, ಹೋಗಲಿಲ್ಲ. ಮತ್ತೆ ಮತ್ತೆ ಮಾಡಿದ.

ಆಮೇಲೆ ಅವನು ಎದ್ದು ಓಡಿದ್ದನ್ನು ನಿಲ್ದಾಣದವರು ಕಂಡರು. “ಏನಪ್ಪಾ ಗುಡುಗು, ಸೆಡಿ ಬಿತ್ತಾ?” ಎಂದು ಒಬ್ಬ ಚೇಷ್ಟೆ ಮಾಡಿದ. ಅವನು ತಿರುಗಿಯೂ ನೋಡದೆ ಬಾಡಿಗೆ ಬೈಕಿನ ಹಿಂದೆ ಹತ್ತಿ, ಆಸ್ಪತ್ರೆಗೆ ನಡಿ ಅಂದ.

ಹೆರಿಗೆ ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ಆನ್ಸಾ ಕೂತಿದ್ದಳು. ಎರಡು ಮಾತು ಕೇಳಿದ್ದೇ ತಡ, ದನಿಯ ಗುರುತು ಹಿಡಿದಳು.

“ಓಹೋ, ಗುಡುಗು ಸಾಹೇಬ್ರು! ಏನು, ಪೆಟ್ಟಿಗೆ ಎಣಿಸೋಕೆ ಬಂದ್ರಾ?”

“ಸಿಸ್ಟರ್, ಬೈಯಿರಿ, ಚಪ್ಲಿ ತಗೊಂಡು ಹೊಡೀರಿ, ಆಮೇಲೆ. ನನ್ನ ಸೊಸೆ ಅಲ್ಲಿ ರಕ್ತ ಹೋಗಿ ಸಾಯ್ತಾ ಇದಾಳೆ. ಇಲ್ಲಿ ರಕ್ತ ಇದೆಯಾ ಇಲ್ವಾ? ಅಷ್ಟು ಹೇಳಿ.”

ಅವಳು ಅವನ ಮುಖ ನೋಡಿದಳು. ಒಳಗೆ ಕರೆದುಕೊಂಡು ಹೋದಳು. ವಾರ್ಡಿನ ಮಂಚಗಳೆಲ್ಲ ಖಾಲಿ. ಹಾಸಿದ ಬಟ್ಟೆ ಹಾಸಿದ ಹಾಗೇ ಇತ್ತು.

“ಬುಧವಾರದಿಂದ ಯಾರೂ ಬರ್ತಾ ಇಲ್ಲ,” ಅಂದಳು. “ಜಿಲ್ಲೇಲಿ ಹೆರಿಗೆ ನಿಂತುಹೋಯ್ತು ಅಂದ್ಕೊಂಡ್ರಾ? ಎಲ್ಲೋ ಹೆರ್ತಾ ಇದಾರೆ. ಎಲ್ಲಿ, ಯಾವ ಸ್ಥಿತೀಲಿ, ಅದು ದೇವರಿಗೇ ಗೊತ್ತು.”

ಗುಡುಗು ಆ ಮಂಚಗಳ ಕಡೆ ನೋಡಲಾರದೆ ಗೋಡೆಗೆ ಒರಗಿದ. ಅಫ್ರಾಕೋಮಾ ಒಬ್ಬಳೇ ಅಲ್ಲ. ಇನ್ನು ಯಾವ ಯಾವ ಮನೆಯಲ್ಲಿ ಯಾರು ಯಾರು ಕಂಬ ಹಿಡಿದು ಕೂತಿದ್ದಾರೋ!

ಸಿಸ್ಟರ್ ರಕ್ತದ ಫ್ರಿಜ್ ತೆಗೆದು ತೋರಿಸಿದಳು. ಅಫ್ರಾಕೋಮಾ ಹಿಂದಿನ ತಿಂಗಳು ತಪಾಸಣೆಗೆ ಬಂದಿದ್ದಳು, ಅವಳ ಗುಂಪು ಯಾವುದೆಂದು ಸಿಸ್ಟರಿಗೆ ಗೊತ್ತಿತ್ತು. “ಇವಳಿಗೆ ಆಗೋ ರಕ್ತ ಎರಡು ಚೀಲ ಇದೆ. ಬಳಸಿದ್ರೆ ಮನೆಯೋರು ಬದಲಿ ಕೊಡ್ಬೇಕು. ಡಾಕ್ಟ್ರು ಇದಾರೆ, ಒಬ್ರೇ. ಡೀಸೆಲ್ ಕಮ್ಮಿ ಇದೆ, ಕರೆಂಟ್ ಹೋದ್ರೆ ಆಪರೇಷನ್ ಕೋಣೆಗೆ ಮಾತ್ರ ಜನರೇಟರ್. ಆಂಬುಲೆನ್ಸ್ ಕುಮಾಸಿಗೆ ಹೋಗಿದೆ. ಗ್ಲೌಸ್ ಇಲ್ಲ, ನಿಜ. ಎದುರಿನ ಅಂಗಡೀಲಿ ನೀವೇ ತರ್ಬೇಕು. ಇಷ್ಟೇ. ಇದಕ್ಕೆ ರೆಕ್ಕೆ ಪುಕ್ಕ ಕಟ್ಬೇಡಿ.”

ಅವನು ಗ್ಲೌಸ್ ಕೊಂಡು ಜೇಬಿಗೆ ತುರುಕಿಕೊಂಡು, ಆಸ್ಪತ್ರೆಯ ಜಗಲಿಯಿಂದಲೇ ರೇಡಿಯೋಗೆ ಫೋನ್ ಹಚ್ಚಿದ. ಲೈನು ಬಿಜಿ. ಇನ್ನೊಮ್ಮೆ. ಬಿಜಿ. ದಿನಾ ಇವನ ಹಾಗೆ ಕಾಯುವ ಬಾಯಿಗಳು ಎಷ್ಟೋ! ಕೊನೆಗೆ ಬರೀಮಾನ ಸ್ವಂತ ನಂಬರಿಗೇ ಮಾಡಿ, ಗೋಗರೆದು, ಗಾಳಿಯ ಮೇಲೆ ಬಂದ.

“ಬಂದಾ ಬಂದಾ, ಗುಡುಗು ಬಂದಾ!” ಎಂದು ಬರೀಮಾ ರಾಗ ಎಳೆದ. “ಸ್ಟುಡಿಯೋದಲ್ಲಿ ಟ್ವೆನೆಬೋವಾನೂ ಇದಾನೆ. ಸಿಡಿಲು ಬೀಳಲಿ!”

“ಬರೀಮಾ, ಇವತ್ತು ಸಿಡಿಲು ಇಲ್ಲ,” ಅಂದ ಅವನು. “ಬುಧವಾರ ನಾನೊಂದು ಮಾತು ಸಭೇಲಿ ಆಡಿದ್ದೆ. ಸಭೇಲೇ ಹಿಂದಕ್ಕೆ ತಗೋತಾ ಇದೀನಿ. ಆಸ್ಪತ್ರೇಲಿ ಇದೀನಿ. ಕಣ್ಣಾರೆ ನೋಡ್ದೆ. ರಕ್ತ ಇದೆ. ಡಾಕ್ಟ್ರು ಇದಾರೆ. ಯಾರನ್ನೂ ಪೆಟ್ಟಿಗೇಲಿ ಹೊರಗೆ ತರೋದನ್ನ ನಾನು ನೋಡಿಲ್ಲ, ಬುಧವಾರಾನೂ ನೋಡಿರ್ಲಿಲ್ಲ. ಬಸುರಿ ಹೆಂಗಸರು ದಯವಿಟ್ಟು…”

“ತಾಳು ತಾಳು ತಾಳು,” ಬರೀಮಾ ನಗು ತಡೆಯಲಾರದೆ ಹೇಳಿದ. “ಊರಿನ ಜನಗಳೇ, ಕೇಳಿದ್ರಾ? ಗುಡುಗು, ನಿಜ ಹೇಳು, ಎಷ್ಟು ತಿನ್ನಿಸಿದ್ರು?”

“ಯಾರೂ ಏನೂ ತಿನ್ನಿಸಿಲ್ಲ ಕಣಪ್ಪ!”

ಅಷ್ಟರಲ್ಲಿ ಟ್ವೆನೆಬೋವಾ ಹಾರಿ ಬಿದ್ದ. “ಹಲ್ಲೆಲೂಯ! ಕೇಳ್ರಪ್ಪಾ ಕೇಳಿ! ಗುಡುಗಿನ ಬಾಯಲ್ಲೇ ಸತ್ಯ ಬಂತು! ಆಸ್ಪತ್ರೇಲಿ ರಕ್ತ ತುಂಬಿ ತುಳುಕ್ತಾ ಇದೆ! ಔಷಧಿ ಇಡೋಕೆ ಜಾಗ ಇಲ್ಲ! ನಮ್ಮ ಸರ್ಕಾರದಲ್ಲಿ ಆರ್ಥಿಕತೆ ಕುದುರೆ ಥರ ಓಡ್ತಾ ಇದೆ ಅಂತ ನಾನು ಹೇಳಿದ್ದಾ, ಇಲ್ವಾ?”

“ತುಂಬಿ ತುಳುಕ್ತಾ ಇಲ್ಲ!” ಅಗ್ಯೇಕುಮ್ ಕಿರುಚಿದ. “ಎರಡು ಚೀಲ! ನನ್ನ ಹುಡುಗಿಗೆ ಆಗೋ ರಕ್ತ ಎರಡೇ ಎರಡು ಚೀಲ! ಗ್ಲೌಸ್ ಇಲ್ಲ! ಡೀಸೆಲ್ ಕಮ್ಮಿ! ಟ್ವೆನೆಬೋವಾ, ನಿನ್ನ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಬಾಯಿ ಮುಚ್ಕೋ. ಏರಿಸ್ಬೇಡ. ಇಳಿಸ್ಬೇಡ. ಅಫ್ರಾಕೋಮಾ ಕೇಳಿಸ್ಕೋತಾ ಇದಾಳೆ ಕಣೋ! ಅಮ್ಮಣ್ಣೀ, ನಿನ್ನ ಮಾವ ಮಾತಾಡ್ತಾ ಇರೋದು. ನಾನು ಬುಧವಾರ ಹೇಳಿದ್ದು ಸುಳ್ಳು. ಪೋಮಾ ಅಮ್ಮ, ಕರ್ಕೊಂಡು ಬನ್ನಿ. ಎರಡು ಚೀಲ ರಕ್ತ ಇದೆ, ಒಬ್ರು ಡಾಕ್ಟ್ರು ಇದಾರೆ. ಗ್ಲೌಸ್ ಇಲ್ಲ, ನಾನು ತಂದಿದೀನಿ. ಬನ್ನಿ ತಾಯೀ…”

ಅವನು ಅಳುತ್ತಿದ್ದ. ಲೈನು ಕಡಿದು ಜಾಹೀರಾತು ಬಂತು. ಸೋಪಿನ ಜಾಹೀರಾತು.

ಕೂಡಲೇ ಬದುವಿನ ಫೋನು. “ಏಯ್, ಏನು ಹುಚ್ಚು ಹಿಡೀತಾ ನಿನಗೆ? ಎರಡು ವರ್ಷದ ಶ್ರಮಾನ ಎರಡು ನಿಮಿಷದಲ್ಲಿ ನೀರಿಗೆ ಹಾಕಿದ್ಯಲ್ಲೋ!” ಅಗ್ಯೇಕುಮ್ ಫೋನ್ ಇಟ್ಟುಬಿಟ್ಟ. ಬೈಕಿನ ಹುಡುಗನಿಗೆ ಬೊಮಿರಿ ದಾರಿ ಹಿಡಿ ಅಂದ.

ಆ ದಾರಿ ದಾರಿಯೇ ಅಲ್ಲ. ಕೆಂಪು ಧೂಳು, ಹಳ್ಳ, ಅಲ್ಲಲ್ಲಿ ಮರದ ದಿಮ್ಮಿಯ ಲಾರಿ. ಕೇಳಿಸಿತೋ ಇಲ್ಲವೋ. ಬ್ಯಾಟರಿ ಇತ್ತೋ ಇಲ್ಲವೋ. ಕೇಳಿಸಿದರೂ ಟ್ವೆನೆಬೋವಾನ ಕೂಗು ಕೇಳಿಸಿತೋ, ತನ್ನ ಅಳು ಕೇಳಿಸಿತೋ. ದಾರಿಯುದ್ದಕ್ಕೂ ಅವನು ದೇವರ ಹತ್ತಿರ ಚೌಕಾಶಿ ಮಾಡಿದ. ನನ್ನ ಗಂಟಲು ತಗೋ, ಮೂಗನಾಗಿ ಪಂಚರ್ ಹಾಕಿಕೊಂಡಿರ್ತೀನಿ, ಅವಳನ್ನು ಬಿಡು. ಅಲ್ಲೂ ಅವನಿಗೆ ತನ್ನ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ದೇವರಿಗೂ ಇವನ ಹದ ಗೊತ್ತಿರಬೇಕಲ್ಲ.

ಅರ್ಧ ದಾರಿಯಲ್ಲಿ ಎದುರಿಗೆ ಒಂದು ಪಿಕಪ್ ಗಾಡಿ ಬಂತು. ಹಿಂದೆ ಬಾಳೆಗೊನೆಗಳನ್ನು ಒಂದು ಕಡೆಗೆ ಒತ್ತರಿಸಿ, ಚಾಪೆ ಹಾಸಿ, ಅಫ್ರಾಕೋಮಾಳನ್ನು ಮಲಗಿಸಿದ್ದರು. ತಲೆ ಪೋಮಾಳ ತೊಡೆಯ ಮೇಲೆ. ಟಾಕ್ಯಿಯ ಕೈಯಲ್ಲಿ ರೇಡಿಯೋ ಇನ್ನೂ ಒದರುತ್ತಿತ್ತು. ಅಗ್ಯೇಕುಮ್ ಬೈಕಿನಿಂದ ಧುಮುಕಿ ಗಾಡಿಯ ಹಿಂಬದಿ ಹತ್ತಿದ. ಸೊಸೆಯ ಮುಖದಲ್ಲಿ ಬಣ್ಣವೇ ಇರಲಿಲ್ಲ.

“ಮಾವ,” ಅಂದಳು, ತುಟಿ ಅಲುಗಿದ್ದಷ್ಟೇ. “ನಿಜ ಎಷ್ಟು?”

“ಎರಡು ಚೀಲ ರಕ್ತ. ಒಬ್ರು ಡಾಕ್ಟ್ರು. ಗ್ಲೌಸ್ ನನ್ನ ಜೇಬಲ್ಲಿದೆ.”

“ಹಾಂ,” ಎಂದು ಅವಳು ಕಣ್ಣು ಮುಚ್ಚಿದಳು.

ಗಾಡಿ ಕುಲುಕುತ್ತ ಓಡಿತು. ಪೋಮಾ ಹೇಳಿದಳು, “ಕೇಳಿಸ್ತು ಬೀಗರೇ. ಆದ್ರೆ ಅಂಗಳದ ತುಂಬ ಜನ. ಗುಡುಗನ್ನ ಕೊಂಡ್ಕೊಂಡಿದಾರೆ, ಕಳಿಸ್ಬೇಡಿ ಅಂತ ಅರ್ಧ ಜನ. ಕಿತ್ತಾಡೋದ್ರಲ್ಲೇ ಹೊತ್ತು ಹೋಯ್ತು. ಕೊನೆಗೆ ಇವಳೇ ಅಂದ್ಲು, ಗ್ಲೌಸ್ ಇಲ್ಲ ಅಂತ ಹೇಳಿದ್ರಲ್ಲ, ಕೊಂಡ್ಕೊಂಡಿದ್ರೆ ಅದೂ ಇದೆ ಅಂತಿದ್ರು, ಎತ್ತಿ ನನ್ನ ಅಂದ್ಲು.”

ಆಸ್ಪತ್ರೆಯಲ್ಲಿ ಸಿಸ್ಟರ್ ಆನ್ಸಾ ಬಾಗಿಲಲ್ಲೇ ಕಾದಿದ್ದಳು. ಗ್ಲೌಸ್ ಕಸಿದುಕೊಂಡು, ಗಾಲಿ ಮಂಚ ತಳ್ಳಿಕೊಂಡು ಒಳಗೆ ಹೋದಳು. ಬದಲಿ ರಕ್ತ ಕೊಡಲು ಅಗ್ಯೇಕುಮ್ ತಾನೇ ಮೊದಲು ತೋಳು ಚಾಚಿದ. ಅಕ್ಕನ ರಕ್ತ, ತನ್ನ ರಕ್ತ, ಅವಳ ರಕ್ತ, ಎಲ್ಲ ಒಂದೇ ತಾಯಿಯದು. ಚೀಲಕ್ಕೆ ಇಳಿಯುತ್ತಿದ್ದುದನ್ನು ನೋಡುತ್ತ, ಇನ್ನಷ್ಟು ತಗೊಳ್ಳಿ, ಎಲ್ಲ ತಗೊಳ್ಳಿ ಅಂದ. ಅಷ್ಟೆಲ್ಲ ತಗೊಳ್ಳಕ್ಕಾಗಲ್ಲ, ಸುಮ್ಮನಿರಿ ಎಂದು ಲ್ಯಾಬಿನವನು ಗದರಿದ.

ಡಾಕ್ಟರು ಹೊರಗೆ ಬಂದಾಗ ಬಿಸಿಲು ಏರಿತ್ತು. ಎಳೇ ವಯಸ್ಸಿನವರು, ನಿದ್ದೆಗೆಟ್ಟ ಕಣ್ಣು.

“ತಾಯಿ ಉಳೀತಾರೆ,” ಅಂದರು. ಆಮೇಲೆ, “ಮಗು ಹುಟ್ಟಿ ಒಂದೆರಡು ಸಲ ಉಸಿರಾಡ್ತು. ಅಷ್ಟೇ. ಉಳಿಸ್ಕೊಳ್ಳೋಕೆ ಆಗ್ಲಿಲ್ಲ.”

ಅಗ್ಯೇಕುಮ್ ಕೇಳಬಾರದಿತ್ತು. ಕೇಳಿದ. “ನಿನ್ನೇನೇ ಬಂದಿದ್ರೆ?”

“ಬದುಕ್ತಿತ್ತು ಅಂತ ಅನ್ಸುತ್ತೆ. ಖಂಡಿತ ಅಂತ ಹೇಳೋಕಾಗಲ್ಲ.”

ಪೋಮಾ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು ಜಗಲಿಯ ಬೆಂಚಿನ ಮೇಲೆ ಬಂದು ಕೂತಳು. ಟಾಕ್ಯಿ ಬಿಕ್ಕಿದಾಗ ಅವನ ಮೊಣಕಾಲಿಗೆ ಚಟ್ಟನೆ ಹೊಡೆದಳು.

“ಅಳಬಾರ್ದು. ಎಂಟು ದಿನ ತುಂಬಿ, ಅಂಗಳಕ್ಕೆ ತಂದು ಹೆಸರಿಟ್ಟ ಮೇಲೇನೇ ಅದು ನಮ್ಮದು. ಅಲ್ಲೀ ತನಕ ನೆಂಟ. ಬಂತು, ಹೋಯ್ತು. ಇದಕ್ಕೆ ಅಳಬಾರ್ದು, ಹೆಸರು ಹೇಳಬಾರ್ದು, ಲೆಕ್ಕಕ್ಕೆ ಹಿಡೀಬಾರ್ದು. ಹಿಡಿದ್ರೆ ಮತ್ತೆ ಮತ್ತೆ ಹೀಗೇ ಬಂದು ಹೋಗುತ್ತೆ. ನಮ್ಮ ಹಿರಿಯರು ಮಾಡ್ಕೊಂಡು ಬಂದಿದ್ದು.” ಹಾಗನ್ನುತ್ತ ಬಟ್ಟೆಯ ಗಂಟನ್ನು ಬಿಚ್ಚುವಳು, ಮತ್ತೆ ಕಟ್ಟುವಳು.

ಬದುವಿನ ಫೋನು ಮತ್ತೆ ಬಂತು. ಈ ಸಲ ದನಿಯಲ್ಲಿ ಬೆಣ್ಣೆ.

“ಅಗ್ಯೇಕುಮ್, ಸುದ್ದಿ ಗೊತ್ತಾಯ್ತಪ್ಪ. ಪಾಪ. ಬೆಳಿಗ್ಗೆ ಆಗಿದ್ದು ಆಗಿಹೋಯ್ತು, ಬಿಡು. ನಿನ್ನ ದುಃಖ ಪಕ್ಷದ ದುಃಖ. ಮಧ್ಯಾಹ್ನದ ಸುದ್ದಿಗೆ ಬರೀಮಾ ನಿನ್ನ ಲೈನಿಗೇ ಕಾಯ್ತಾ ಇದಾನೆ. ಗುಡುಗು ಮತ್ತೆ ಗುಡುಗ್ಬೇಕು. ಆಸ್ಪತ್ರೇಲಿ ಏನೂ ಇರ್ಲಿಲ್ಲ, ಸರ್ಕಾರದ ದಿವಾಳಿ ನನ್ನ ಮೊಮ್ಮಗೂನ ಕೊಂದಿತು ಅನ್ನು. ನಾಲ್ಕು ಜಿಲ್ಲೆ ಅತ್ತುಬಿಡುತ್ತೆ. ಹಾಂ, ಒಂದೇ ಮಗು ಅನ್ಬೇಡ. ಒಂದು ಅಂದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ. ಹತ್ತೋ ಇಪ್ಪತ್ತೋ ಸೇರಿಸಿ ಹೇಳು.”

ಫೋನಿನ ದನಿ ಜೋರಾಗಿತ್ತು. ಪೋಮಾಗೂ ಕೇಳಿಸಿತು. ಅವಳು ತಟ್ಟನೆ ಅವನ ಮಸಿ ಹಿಡಿದ ತೋಳು ಹಿಡಿದುಕೊಂಡಳು.

“ಹೇಳಿ ಬೀಗರೇ. ಅವರೇ ಕೊಂದ್ರು ಅನ್ನಿ. ಆಸ್ಪತ್ರೆಯೋರೇ ಕೊಂದ್ರು ಅಂತ ಗುಡುಗಿಬಿಡಿ. ನಿಮ್ಮ ಗಂಟಲಿಗೆ ಏನು ಕಮ್ಮಿ?”

ಅವನು ಅವಳ ಮುಖ ನೋಡಿದ. ಅವಳು ಯಾಕೆ ಬೇಡುತ್ತಿದ್ದಾಳೆ ಅನ್ನುವುದು ಅವನಿಗೆ ಚೆನ್ನಾಗಿ ಅರ್ಥವಾಯಿತು. ಆಸ್ಪತ್ರೆ ಕೊಲ್ಲದಿದ್ದರೆ ರಾತ್ರಿಯೆಲ್ಲ ಆ ಹುಡುಗಿ ನರಳಿದ್ದು ಅವಳ ಅಂಗಳದಲ್ಲಿ. ಒಂದು ಗುಡುಗು ಗುಡುಗಿದರೆ ಅವಳೂ ಉಳಿದುಕೊಳ್ಳುತ್ತಿದ್ದಳು, ತಾನೂ ಉಳಿದುಕೊಳ್ಳುತ್ತಿದ್ದ. ಪೇಟೆಯೂ ನಂಬುತ್ತಿತ್ತು. ಸತ್ತ ಮಗುವಿನ ಮಾತಲ್ಲಿ ಯಾರು ತಾನೇ ಒಂಬತ್ತು ಪಾಲು ಕಳೆಯುತ್ತಾರೆ? ಎಷ್ಟು ಸುಲಭವಾಗಿತ್ತು! ಮಾತುಗಳು ಆಗಲೇ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿದ್ದವು. ಅದೇ ಅವನಿಗೆ ಅಸಹ್ಯವಾಯಿತು.

ಹಿಂದೆ ವಾರ್ಡಿನಲ್ಲಿ, ಖಾಲಿ ಮಂಚಗಳ ನಡುವೆ, ಅಫ್ರಾಕೋಮಾ ಒಬ್ಬಳೇ ಮಲಗಿದ್ದಳು.

“ಲೈನ್ ಕೊಡ್ಸು,” ಅಂದ ಬದುವಿಗೆ.

“ಗುಡುಗು!” ಬರೀಮಾನ ದನಿ ಈಗ ಸುದ್ದಿಯ ದನಿಯಾಗಿತ್ತು. “ಇಡೀ ಜಿಲ್ಲೆ ನಿನ್ನ ಜೊತೆ ಇದೆ. ಏನಾಯ್ತು ಹೇಳಪ್ಪ.”

“ಡಾಕ್ಟ್ರು ಇದ್ರು,” ಅಂದ ಅಗ್ಯೇಕುಮ್. “ರಕ್ತ ಇತ್ತು, ಎರಡು ಚೀಲ, ಎರಡೂ ಕೊಟ್ರು. ಗ್ಲೌಸ್ ಇರ್ಲಿಲ್ಲ. ಅದು ಸರ್ಕಾರದ ತಪ್ಪು. ಬಾಕಿ ತೀರಿಸಿಲ್ಲ. ಅದನ್ನ ನಾಳೇನೂ ಹೇಳ್ತೀನಿ, ನಾಡಿದ್ದೂ ಹೇಳ್ತೀನಿ. ಆದ್ರೆ ಮಗು ಹೋಗಿದ್ದು ಗ್ಲೌಸ್ ಇಲ್ದೆ ಅಲ್ಲ. ತಡ ಆಗಿ. ತಡ ಆಗಿದ್ದು ಬೀಗರ ಮನೆಯೋರಿಂದ ಅಲ್ಲ. ನನ್ನ ಮಾತು ನಂಬಿದ್ದಕ್ಕೆ. ಹೆರಿಗೆ ಹತ್ತಿರ ಇರೋರು ಇಲ್ಲಿಗೆ ಬನ್ನಿ. ಗ್ಲೌಸ್ ತಗೊಂಡು ಬನ್ನಿ.”

“ಸ್ವಲ್ಪ ಜೋರಾಗಿ ಹೇಳು, ಕೇಳಿಸ್ತಾ ಇಲ್ಲ.”

“ಇಷ್ಟೇ ಇರೋದು.”

ಸ್ಟುಡಿಯೋದಲ್ಲಿ ಯಾರೋ ಏನೋ ಪಿಸುಗುಟ್ಟಿದ್ದು ಕೇಳಿಸಿತು. ಬರೀಮಾ ಗಂಟಲು ಸರಿಮಾಡಿಕೊಂಡ. “ಅಲ್ಲ ಗುಡುಗು, ಜನಕ್ಕೆ ಒಂದು ಅಂದಾಜು ಬೇಕು. ಈ ಪರಿಸ್ಥಿತೀಲಿ ಒಟ್ಟು ಎಷ್ಟು ಮಕ್ಕಳು ಹೋಗಿರ್ಬಹುದು? ಹತ್ತಾ? ಐವತ್ತಾ? ನಿನ್ನ ಲೆಕ್ಕದಲ್ಲಿ ಹೇಳು.”

“ಬೇರೆಯೋರದ್ದು ನನಗೆ ಗೊತ್ತಿಲ್ಲ. ನಾನು ನೋಡಿದ್ದು ಒಂದು.”

“ಒಂದೇನಾ?”

ಪೋಮಾ ಅವನ ತೋಳು ಜಗ್ಗಿದಳು. “ಅದೂ ಬೇಡ ಬೀಗರೇ,” ಎಂದು ಪಿಸುಗುಟ್ಟಿದಳು. “ಎಂಟು ದಿನ ಆಗಿಲ್ಲ. ಇದು ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಹಿಡೀಬೇಡಿ.”

ಅವನು ಅವಳ ತೊಡೆಯ ಮೇಲಿದ್ದ ಬಿಳಿ ಗಂಟಿನ ಮೇಲೆ ಕೈ ಇಟ್ಟ. ಶುಕ್ರವಾರ ಹುಟ್ಟಿದ ಹೆಣ್ಣಿಗೆ ನಮ್ಮಲ್ಲಿ ಒಂದೇ ಹೆಸರು. ಅದನ್ನು ಯಾರೂ ಹುಡುಕಬೇಕಾಗಿಲ್ಲ.

“ಒಂದು,” ಅಂದ. “ಹೆಣ್ಣು. ಅಫಿಯಾ ಅಂತ.”

ಪೋಮಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳಲು ಶುರುಮಾಡಿದಳು.